ಮಾದರಿ ವಿಮಾನದ ಕಾಕ್‌ಪಿಟ್: ನಿರ್ಮಾಣ ಮತ್ತು ಬಣ್ಣಗಾರಿಕೆ

ನಿಜವಾದ ವಿಮಾನವನ್ನು ನಿಗದಿತ ಅನುಪಾತದಲ್ಲಿ ಕಿರಿದಾಗಿಸಿ ಕಟ್ಟುವ ಹವ್ಯಾಸದಲ್ಲಿ ಪೈಲಟ್ ಕೂರುವ ಜಾಗದ, ಅಂದರೆ ಕಾಕ್‌ಪಿಟ್‌ನ, ಕೆಲಸವೇ ಒಂದು ಪ್ರತ್ಯೇಕ ಕಸುಬು. ಕಿಟ್‌ನ ಸೂಚನಾ ಹಾಳೆಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಇದೇ. ವಿಮಾನದ ಒಡಲಿನ ಎರಡು ಹೋಳುಗಳನ್ನು ಅಂಟಿಸಿಬಿಟ್ಟರೆ ಒಳಗೆ ಕುಂಚ ತೂರಿಸಲೂ ಎಡೆ ಉಳಿಯುವುದಿಲ್ಲ. ಮುಗಿದ ಮಾದರಿಯನ್ನು ಕೈಗೆತ್ತಿಕೊಂಡವರು ಮೊದಲು ಇಣುಕುವುದೂ ಇಲ್ಲಿಗೇ. ಹಾಗಿದ್ದೂ ಮೇಲೆ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನೊಪಿ, ಕೂತ ಬಳಿಕ ಒಳಗೆ ಮಾಡಿದ್ದರಲ್ಲಿ ಬಹುಪಾಲು ನೆರಳಿನಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಒಳ್ಳೆಯ ಕಾಕ್‌ಪಿಟ್‌ನ ಗುಟ್ಟು ಎಷ್ಟು ಬಿಡಿಭಾಗ ತುಂಬಿದೆ ಎನ್ನುವುದರಲ್ಲಿಲ್ಲ, ಇಣುಕುವ ಕಣ್ಣಿಗೆ ಯಾವುದು ಸಿಗುತ್ತದೆ ಎಂಬ ಲೆಕ್ಕಾಚಾರದಲ್ಲಿದೆ.

ಅನುಪಾತದ ಲೆಕ್ಕ

ಪ್ಲಾಸ್ಟಿಕ್ ವಿಮಾನ ಮಾದರಿಗಳಲ್ಲಿ ಹೆಚ್ಚಾಗಿ ಕಾಣುವ ಅನುಪಾತಗಳು 1:72, 1:48, 1:32 ಮತ್ತು 1:24. ದಶಮಾನ ಪದ್ಧತಿಗೆ ಒಗ್ಗಿದವರಿಗೆ ಈ ಸಂಖ್ಯೆಗಳು ವಿಚಿತ್ರವೆನಿಸುತ್ತವೆ. ಇವು ಅಡಿ-ಅಂಗುಲಗಳ ಕಾಲದಲ್ಲಿ ಹುಟ್ಟಿದವು. ಆರು ಅಡಿಗೆ ಒಂದು ಅಂಗುಲವಾದರೆ 1:72, ಒಂದು ಅಡಿಗೆ ಕಾಲು ಅಂಗುಲವಾದರೆ 1:48, ಅರ್ಧ ಅಂಗುಲವಾದರೆ 1:24. ಐದಡಿ ಎಂಟಂಗುಲದ ಪೈಲಟ್ 1:72ರಲ್ಲಿ 2.4 ಸೆಂ.ಮೀ. ಎತ್ತರವಾದರೆ 1:32ರಲ್ಲಿ 5.4 ಸೆಂ.ಮೀ. ಆಗುತ್ತಾನೆ. ನಿಜದಲ್ಲಿ 8 ಸೆಂ.ಮೀ. ಅಗಲವಿರುವ ಡಯಲ್ 1:72ರಲ್ಲಿ 1.1 ಮಿ.ಮೀ., 1:48ರಲ್ಲಿ 1.7 ಮಿ.ಮೀ., 1:32ರಲ್ಲಿ 2.5 ಮಿ.ಮೀ.ಗೆ ಇಳಿಯುತ್ತದೆ. ಅದರೊಳಗಿನ ಮುಳ್ಳು, ಅಂಕಿಗಳ ಗತಿ ಏನೆಂದು ಊಹಿಸಿಕೊಳ್ಳಬಹುದು.

ಇದೇ ಲೆಕ್ಕವನ್ನು ತಿರುವುಮುರುವು ಮಾಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಕುಂಚದಿಂದ ಬಳಿದ ಬಣ್ಣದ ಪದರ 0.05 ಮಿ.ಮೀ. ದಪ್ಪವಿದ್ದರೂ 1:48ರಲ್ಲಿ ಅದು ನಿಜವಾದ ವಿಮಾನದ ಮೇಲೆ 2.4 ಮಿ.ಮೀ. ದಪ್ಪ ಮೆತ್ತಿದ್ದಕ್ಕೆ ಸಮ. ಸ್ವಿಚ್ಚುಗಳು, ಮೊಳೆಯ ತಲೆಗಳು, ಡಯಲ್ಲಿನ ಅಂಚುಗಳು ಎಲ್ಲವೂ ಅದರಡಿ ಹೂತುಹೋಗುತ್ತವೆ. ಬಣ್ಣವನ್ನು ಹಾಲಿನಷ್ಟು ತೆಳುವಾಗಿ ಕಲಸಿ ಏರ್‌ಬ್ರಷ್‌ನಲ್ಲಿ ಪದರ ಪದರವಾಗಿ ಸಿಂಪಡಿಸುವ ರೂಢಿ ಬಂದದ್ದೇ ಇದರಿಂದ. ಕಾಕ್‌ಪಿಟ್‌ನಂಥ ಸಣ್ಣ ಕೆಲಸಕ್ಕೆ 0.2ರಿಂದ 0.3 ಮಿ.ಮೀ. ಮೂತಿಯ ಏರ್‌ಬ್ರಷ್ ಸಾಕು.

ಪೈಲಟ್‌ನ ತಲೆಯಿಂದ ತ್ರೀಡಿ ಡೆಕಾಲ್‌ವರೆಗೆ

ಬ್ರಿಟನ್ನಿನ ಫ್ರಾಗ್ ಕಂಪನಿ 1936ರಲ್ಲಿ ಪೆಂಗ್ವಿನ್ ಹೆಸರಿನಲ್ಲಿ 1:72 ಅನುಪಾತದ ಕಿಟ್‌ಗಳನ್ನು ತಂದಿತು. ಪ್ಲಾಸ್ಟಿಕ್ಕಿನಲ್ಲಿ ಬಂದ ಮೊದಲ ವಿಮಾನ ಕಿಟ್‌ಗಳು ಇವೇ. ಅವುಗಳಿಗೆ ಬಳಸಿದ್ದು ಸೆಲ್ಯುಲೋಸ್ ಅಸಿಟೇಟ್. ಎರಡನೆಯ ಮಹಾಯುದ್ಧದ ನಂತರ ಆ ಜಾಗವನ್ನು ಪಾಲಿಸ್ಟೈರೀನ್ ಹಿಡಿಯಿತು. ಏರ್‌ಫಿಕ್ಸ್ ತನ್ನ ಮೊದಲ ಸ್ಪಿಟ್‌ಫೈರ್ ಕಿಟ್ಟನ್ನು ಹೊರತಂದದ್ದು 1950ರ ದಶಕದಲ್ಲಿ. ಆ ಕಾಲದ ಎಷ್ಟೋ ಕಿಟ್‌ಗಳಲ್ಲಿ ಕಾಕ್‌ಪಿಟ್ ಎಂದರೆ ಒಂದು ಚಪ್ಪಟೆ ಹಲಗೆ, ಅದರ ಮೇಲೊಬ್ಬ ಪೈಲಟ್, ಅಷ್ಟೇ. ಕೆಲವದರಲ್ಲಿ ಪೈಲಟ್‌ನ ತಲೆಯಷ್ಟೇ ಇರುತ್ತಿತ್ತು. ಮುಚ್ಚಳ ಎಷ್ಟು ದಪ್ಪವಿತ್ತೆಂದರೆ ಅದಕ್ಕಿಂತ ಹೆಚ್ಚು ಮಾಡಿದ್ದರೂ ಕಾಣುತ್ತಿರಲಿಲ್ಲ.

ಬದಲಾವಣೆ ಬಂದದ್ದು ಹಂತಹಂತವಾಗಿ. 1970ರಲ್ಲಿ ಏರ್‌ಫಿಕ್ಸ್ 1:24ರ ಸ್ಪಿಟ್‌ಫೈರ್ ತಂದಾಗ ಒಳಗಿನ ವಿವರಕ್ಕೆ ಮೊದಲ ಬಾರಿಗೆ ಧಾರಾಳ ಜಾಗ ಸಿಕ್ಕಿತು. ಅದೇ ದಶಕದಲ್ಲಿ ಅಮೆರಿಕದ ಮೊನೊಗ್ರಾಮ್ 1:48ರ ಬಾಂಬರುಗಳಲ್ಲಿ ಡಯಲ್, ಸ್ವಿಚ್ಚುಗಳನ್ನು ಉಬ್ಬಾಗಿ ಅಚ್ಚು ಹೊಡೆಯಿತು. ಮಾದರಿಕಾರ ಷೆಪ್ ಪೇಯ್ನ್ ಮಾಡಿದ ದೃಶ್ಯಮಾದರಿಗಳ ಚಿತ್ರಗಳೂ ಸಲಹೆಗಳೂ ಇದ್ದ ಹಾಳೆ ಕಿಟ್‌ನ ಪೆಟ್ಟಿಗೆಯಲ್ಲೇ ಬರುತ್ತಿತ್ತು. ಒಂದು ತಲೆಮಾರಿನ ಹವ್ಯಾಸಿಗಳಿಗೆ ಬಣ್ಣಗಾರಿಕೆಯ ಪಾಠಪುಸ್ತಕ ಅದೇ. 1980ರ ದಶಕದಲ್ಲಿ ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್ ಅವರ ರೆಸಿನ್ ಭಾಗಗಳು ಜನಪ್ರಿಯವಾದವು. ಕಿಟ್‌ನ ಸೀಟು, ಫಲಕಗಳನ್ನು ಕಿತ್ತೆಸೆದು ಬೇರೆಯದನ್ನು ಕೂರಿಸುವ ಚಾಳಿ ಅಲ್ಲಿಂದ ಬೆಳೆಯಿತು. 1989ರಲ್ಲಿ ಆರಂಭವಾದ ಚೆಕ್ ಕಂಪನಿ ಎಡ್ವರ್ಡ್ ತೆಳು ಹಿತ್ತಾಳೆ ಹಾಳೆಯ ಭಾಗಗಳಿಗೆ ಹೆಸರಾಯಿತು. ಹಾಳೆಯ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿ, ನಕ್ಷೆಯನ್ನು ಮೂಡಿಸಿ, ಉಳಿದ ಲೋಹವನ್ನು ರಾಸಾಯನಿಕ ದ್ರಾವಣದಲ್ಲಿ ಕರಗಿಸುವ ಈ ವಿಧಾನಕ್ಕೆ ಹವ್ಯಾಸಿಗಳು ಫೋಟೋ ಎಚ್ ಎನ್ನುತ್ತಾರೆ. ನಂತರ ಅದೇ ಹಿತ್ತಾಳೆಯ ಮೇಲೆ ಬಣ್ಣವನ್ನೂ ಮುದ್ರಿಸಿ ಕೊಡತೊಡಗಿದರು. ಬರಿಗಣ್ಣಿಗೆ ಅದು ಚೆಂದ. ಭೂತಗನ್ನಡಿ ಹಿಡಿದರೆ ಮುದ್ರಣದ ಚುಕ್ಕೆಗಳು ಕಾಣುತ್ತವೆ, ಫಲಕ ಕಾಗದದಂತೆ ಚಪ್ಪಟೆಯಾಗಿ ತೋರುತ್ತದೆ.

ಈ ಕೊರತೆಯನ್ನು ಸುಮಾರು 2020ರಿಂದ ಈಚೆಗೆ ನೀಗಿಸಿದ್ದು ತ್ರೀಡಿ ಡೆಕಾಲ್. ರಷ್ಯಾದ ಕ್ವಿಂಟಾ ಸ್ಟುಡಿಯೋ ಇದನ್ನು ಬಳಕೆಗೆ ತಂದವರಲ್ಲಿ ಮೊದಲಿಗರು. ಡೆಕಾಲ್ ಹಾಳೆಯ ಮೇಲೆಯೇ ಪದರ ಪದರವಾಗಿ ಉಬ್ಬು ಮುದ್ರಿಸುವುದರಿಂದ ಡಯಲ್ಲಿನ ಅಂಚು, ಸ್ವಿಚ್ಚು, ಗಾಜಿನ ಹೊಳಪು ಎಲ್ಲ ಸಿದ್ಧವಾಗಿಯೇ ಬರುತ್ತವೆ. ನೀರಲ್ಲಿ ನೆನೆಸಿ ಅಂಟಿಸಿದರೆ ಮುಗಿಯಿತು. ವಾರಗಟ್ಟಲೆ ಕೂತು ಫಲಕ ಬಿಡಿಸುತ್ತಿದ್ದ ಹಳಬರಿಗೆ ಇದು ಕಸಿವಿಸಿಯ ಸಂಗತಿ. ಆದರೂ 1:72ರಲ್ಲಿ ಇದಕ್ಕೆ ಸರಿಗಟ್ಟುವ ಕೈಕೆಲಸ ಅಪರೂಪ ಎಂದು ಒಪ್ಪಲೇಬೇಕು.

ಬಣ್ಣಗಳ ಹಿಂದಿನ ಕಾರಣ

ಕಾಕ್‌ಪಿಟ್‌ನ ಒಳಬಣ್ಣ ಯಾರೋ ಚೆಂದಕ್ಕೆ ಆರಿಸಿದ್ದಲ್ಲ. ಅಮೆರಿಕದ ಯುದ್ಧಕಾಲದ ವಿಮಾನಗಳ ಹಳದಿ ಮಿಶ್ರಿತ ಹಸಿರಿನ ಮೂಲ ಜಿಂಕ್ ಕ್ರೋಮೇಟ್ ಎಂಬ ಪ್ರೈಮರ್. ಅಲ್ಯೂಮಿನಿಯಂ ತುಕ್ಕು ಹಿಡಿಯದಂತೆ ತಡೆಯುವುದು ಅದರ ಕೆಲಸ. ಅದಕ್ಕೆ ಕಪ್ಪು ಬೆರೆಸಿದಾಗ ಬರುವ ಮಂಕು ಹಸಿರು ಇಂಟೀರಿಯರ್ ಗ್ರೀನ್ ಎಂದು ಹೆಸರಾಯಿತು. ಬ್ರಿಟನ್ನಿನ ವಾಯುಪಡೆಯಲ್ಲಿ ಬೂದು ಮಿಶ್ರಿತ ಹಸಿರು ರೂಢಿಯಾಗಿತ್ತು. ಜರ್ಮನರು ಯುದ್ಧದ ಆರಂಭದಲ್ಲಿ ಆರ್‌ಎಲ್‌ಎಂ 02 ಎಂಬ ಹಸಿರು ಛಾಯೆಯ ಬೂದುಬಣ್ಣ ಬಳಿದು, 1941ರ ಕೊನೆಯ ಹೊತ್ತಿಗೆ ಆರ್‌ಎಲ್‌ಎಂ 66 ಎಂಬ ಕಡುಬೂದಿಗೆ ಬದಲಾದರು. ಹಾಗಾಗಿ ಮೆಸ್ಸರ್‌ಸ್ಮಿಟ್ 109ರ ಕಾಕ್‌ಪಿಟ್‌ಗೆ ಯಾವ ಬಣ್ಣ ಎಂದು ಕೇಳಿದರೆ ಯಾವ ವರ್ಷದ ವಿಮಾನ ಎಂಬ ಮರುಪ್ರಶ್ನೆ ಬರುತ್ತದೆ. ಜರ್ಮನ್ ವಿಮಾನಗಳ ಕೊಳವೆಗಳಿಗೂ ಬಣ್ಣದ ಸಂಕೇತವಿತ್ತು: ಇಂಧನಕ್ಕೆ ಹಳದಿ, ಎಣ್ಣೆಗೆ ಕಂದು, ಆಮ್ಲಜನಕಕ್ಕೆ ನೀಲಿ. ಕಡುಬೂದಿಯ ಕೋಣೆಯಲ್ಲಿ ಆ ಒಂದು ಹಳದಿ ಗೆರೆ ಎದ್ದು ಕಾಣುವುದರಿಂದ ಮಾದರಿಕಾರರಿಗೆ ಅದು ವರದಾನ.

ಸ್ಪಿಟ್‌ಫೈರ್‌ನಲ್ಲಿ ಇಂಥ ಕಣ್ಣುಸೆಳೆವ ವಸ್ತು ಸೀಟು. ಕೆಲವು ಲೋಹದ್ದಾಗಿದ್ದರೂ ಬಹಳಷ್ಟು ಸೀಟುಗಳನ್ನು ಕಾಗದ ಮತ್ತು ರಾಳ ಬೆರೆಸಿ ಒತ್ತಿದ ವಸ್ತುವಿನಿಂದ ಮಾಡುತ್ತಿದ್ದರು. ಅದರ ಬಣ್ಣ ಇಟ್ಟಿಗೆಗೂ ಕಾಫಿಗೂ ನಡುವಿನ ಕೆಂಗಂದು. ಹಸಿರು ಗೋಡೆಯ ಎದುರು ಈ ಕೆಂಗಂದು, ಅದರ ಮೇಲೆ ಸಟ್ಟನ್ ಹಾರ್ನೆಸ್ ಎಂಬ ನಾಲ್ಕು ಪಟ್ಟಿಗಳು. ಇಷ್ಟನ್ನು ಸರಿಯಾಗಿ ಮಾಡಿದರೆ ಉಳಿದದ್ದನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಭುಜದ ಪಟ್ಟಿಗಳು ಸೀಟಿನ ಬೆನ್ನಿಗೇ ಕೊನೆಗೊಳ್ಳುವುದಿಲ್ಲ, ಹಿಂದಕ್ಕೆ ಚಾಚಿಕೊಳ್ಳುತ್ತವೆ. ಹಲವು ಮಾದರಿಗಳಲ್ಲಿ ಸೀಟಿನ ತುದಿಗೇ ಕತ್ತರಿಸಿಬಿಟ್ಟಿರುತ್ತಾರೆ. ಪೈಲಟ್ ಹತ್ತುತ್ತಿದ್ದುದು ಎಡಗಡೆಯ ರೆಕ್ಕೆಯ ಬುಡದಿಂದ, ಅಲ್ಲಿರುವ ಸಣ್ಣ ಬಾಗಿಲಿನ ಮೂಲಕ. ಆದ್ದರಿಂದ ಬಣ್ಣ ಸವೆದು ಲೋಹ ಇಣುಕುವುದನ್ನು ತೋರಿಸಬೇಕಾದದ್ದು ಆ ಬಾಗಿಲಿನ ಅಂಚಿನಲ್ಲಿ, ಕಾಲಿಡುವ ಜಾಗದಲ್ಲಿ. ಕೋಣೆಯ ತುಂಬ ಸಿಕ್ಕಲ್ಲೆಲ್ಲ ಬೆಳ್ಳಿ ಚುಕ್ಕೆ ಇಡುವುದು ಅರ್ಥವಿಲ್ಲದ ಅಲಂಕಾರ.

ಭಾರತದ ಹವ್ಯಾಸಿಗಳಿಗೆ ಹತ್ತಿರದ ಉದಾಹರಣೆ ಮಿಗ್-21. 1963ರಲ್ಲಿ ವಾಯುಪಡೆಗೆ ಬಂದು, ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ತಯಾರಾಗಿ, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಪಡೆದ ವಿಮಾನವಿದು. ಅದರ ಒಳಬಣ್ಣ ಸೋವಿಯತ್ ಕಾರ್ಖಾನೆಗಳ ಪ್ರಸಿದ್ಧ ನೀಲಿ-ಹಸಿರು. ಕಣ್ಣಿಗೆ ಆಯಾಸ ಕಡಿಮೆ ಮಾಡುತ್ತದೆ ಎಂಬುದು ಈ ಬಣ್ಣಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಸರಿಯಾದ ಛಾಯೆ ಯಾವುದೆಂಬ ಜಗಳ ಮುಗಿಯುವಂಥದ್ದಲ್ಲ. ಬಿಸಿಲು, ಕ್ಯಾಮೆರಾ, ವಿಮಾನದ ವಯಸ್ಸು ಸೇರಿ ಒಂದೇ ಕಾಕ್‌ಪಿಟ್‌ನ ಎರಡು ಫೋಟೋಗಳಲ್ಲಿ ಎರಡು ಬಣ್ಣ ಕಾಣಿಸುತ್ತವೆ. ಮಿಗ್-21ರ ಉಪಕರಣ ಫಲಕದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಬಿಳಿ ಗೆರೆ ಇರುತ್ತದೆ. ವಿಮಾನ ಗಿರಕಿ ಹೊಡೆಯತೊಡಗಿದಾಗ ಚಾಲನಾ ಕೋಲನ್ನು ಆ ಗೆರೆಗೆ ಸರಿಯಾಗಿ ಮುಂದಕ್ಕೆ ಒತ್ತಬೇಕು ಎಂಬ ಗುರುತು ಅದು. 1:72ರಲ್ಲೂ ಕೂದಲೆಳೆಯಷ್ಟು ತೆಳ್ಳಗೆ ಈ ಗೆರೆ ಎಳೆದರೆ ಬಲ್ಲವರು ಮೆಚ್ಚುತ್ತಾರೆ. ಮಾದರಿಯ ಉಪಪ್ರಕಾರವನ್ನೂ ನೋಡಿಕೊಳ್ಳಬೇಕು. ಎಫ್‌ಎಲ್‌ನಲ್ಲಿ ಮುಂಗಾಜೂ ಸೇರಿದಂತೆ ಇಡೀ ಮುಚ್ಚಳ ಮುಂದಕ್ಕೆ ತೆರೆದುಕೊಳ್ಳುತ್ತದೆ. ನಂತರದ ಎಂ ಮತ್ತು ಬಿಸ್‌ಗಳಲ್ಲಿ ಮುಂಗಾಜು ಅಲ್ಲೇ ಉಳಿದು ಮುಚ್ಚಳ ಬಲಕ್ಕೆ ಹೊರಳುತ್ತದೆ. ಸೀಟುಗಳೂ ಬೇರೆ ಬೇರೆ.

ಫಲಕ ಬಿಡಿಸುವ ಬಗೆ

ಉಬ್ಬು ವಿವರವಿರುವ 1:48ರ ಉಪಕರಣ ಫಲಕವೊಂದನ್ನು ತೆಗೆದುಕೊಳ್ಳೋಣ. ಬಿಡಿಭಾಗಗಳನ್ನು ಹಿಡಿದಿರುವ ಸ್ಪ್ರೂ ಚೌಕಟ್ಟಿನಿಂದ ಕತ್ತರಿಸಿ, ಉಪ್ಪುಕಾಗದದಲ್ಲಿ ಅಂಚು ಉಜ್ಜಿ, ಸೋಪುನೀರಿನಲ್ಲಿ ತೊಳೆದು ಒಣಗಿಸಬೇಕು. ಮೊದಲ ಪದರ ಕಪ್ಪು ಪ್ರೈಮರ್. ಅದರ ಮೇಲೆ ಕಪ್ಪನ್ನೇ ಬಳಿಯುವುದಿಲ್ಲ. ನಿಜವಾದ ಫಲಕ ಕಪ್ಪಾಗಿದ್ದರೂ ಮಾದರಿಯಲ್ಲಿ ಶುದ್ಧ ಕಪ್ಪು ರಂಧ್ರದಂತೆ ಕಾಣುತ್ತದೆ. ಸ್ವಲ್ಪ ಬೂದು, ಚಿಟಿಕೆಯಷ್ಟು ಕಂದು ಬೆರೆಸಿದ ಇದ್ದಿಲ ಬಣ್ಣ ಸರಿ. ಒಣಗಿದ ಮೇಲೆ ಡ್ರೈ ಬ್ರಷ್: ಮೊಂಡಾದ ಚಪ್ಪಟೆ ಕುಂಚಕ್ಕೆ ತಿಳಿಬೂದು ಹಚ್ಚಿ, ಬಟ್ಟೆಯ ಮೇಲೆ ಒರೆಸಿ ಒರೆಸಿ, ಇನ್ನು ಬಣ್ಣವೇ ಉಳಿದಿಲ್ಲ ಅನ್ನಿಸಿದಾಗ ಫಲಕದ ಮೇಲೆ ಹಗುರವಾಗಿ ಆಡಿಸುವುದು. ಉಬ್ಬಿದ ಅಂಚುಗಳು, ಸ್ವಿಚ್ಚಿನ ತುದಿಗಳು, ಡಯಲ್ಲಿನ ಮುಳ್ಳುಗಳು ಮಂಜಿನಿಂದ ಹೊರಬಂದಂತೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕುಂಚದಲ್ಲಿ ಬಣ್ಣ ತುಸು ಹೆಚ್ಚಿದ್ದರೂ ಡಯಲ್ಲಿನ ಗುಳಿ ತುಂಬಿ ಕೆಲಸ ಕೆಡುತ್ತದೆ.

ಕೆಂಪು, ಹಳದಿ ಗುಂಡಿಗಳಿಗೆ ಕುಂಚಕ್ಕಿಂತ ಚೂಪು ಮಾಡಿದ ಹಲ್ಲುಕಡ್ಡಿ ಒಳ್ಳೆಯದು. ತುದಿಯಲ್ಲಿ ನಿಂತಷ್ಟು ಬಣ್ಣ ಮಾತ್ರ ತಗಲುತ್ತದೆ. ಇಂಥ ಬಣ್ಣದ ಚುಕ್ಕೆಗಳನ್ನು ಜಿಪುಣತನದಿಂದ ಇಡಬೇಕು, ಫಲಕಕ್ಕೆ ನಾಲ್ಕೋ ಐದೋ. ಬರಹದ ಫಲಕಗಳಿಗೆ ಅಕ್ಷರ ಬೇಕಿಲ್ಲ, ಮುರಿದ ಬಿಳಿ ಗೆರೆಯೊಂದನ್ನು ಕಣ್ಣು ಬರಹವೆಂದೇ ಓದಿಕೊಳ್ಳುತ್ತದೆ. ಕಿಟ್‌ನಲ್ಲಿ ಉಬ್ಬಿಲ್ಲದೆ ಡೆಕಾಲ್ ಕೊಟ್ಟಿದ್ದರೆ ಡಯಲ್‌ಗಳನ್ನು ಒಂದೊಂದಾಗಿ ಗುಂಡಗೆ ಕತ್ತರಿಸಿ, ಡೆಕಾಲನ್ನು ಮೆತ್ತಗಾಗಿಸುವ ದ್ರವ ಹಚ್ಚಿ ಗುಳಿಗಳಲ್ಲಿ ಕೂರಿಸಬೇಕು. ಎಲ್ಲ ಮುಗಿದ ಮೇಲೆ ಫಲಕಕ್ಕೆ ಹೊಳಪಿಲ್ಲದ ವಾರ್ನಿಷ್. ಅದು ಒಣಗಿದ ಬಳಿಕ ಸೂಜಿಯ ತುದಿಯಲ್ಲಿ ಹೊಳಪು ವಾರ್ನಿಷ್ ಎತ್ತಿ ಪ್ರತಿ ಡಯಲ್ಲಿನೊಳಗೆ ಒಂದು ಹನಿ. ಹನಿ ಅಂಚಿಗೆ ಅಂಟಿ ತುಸು ಗುಳಿಬಿದ್ದು ಒಣಗುತ್ತದೆ, ಬೆಳಕಿಗೆ ಹಿಡಿದರೆ ಗಾಜಿನಂತೆ ಮಿನುಗುತ್ತದೆ. ಇಡೀ ಕಾಕ್‌ಪಿಟ್‌ನಲ್ಲಿ ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ನೆರಳನ್ನು ಬಣ್ಣದಲ್ಲಿ ತರುವುದು

ನಿಜವಾದ ಕಾಕ್‌ಪಿಟ್‌ನೊಳಗೆ ಬಿಸಿಲು ಒಂದು ಕಡೆಯಿಂದ ಬಿದ್ದು, ಸೀಟಿನಡಿ, ಪೆಟ್ಟಿಗೆಗಳ ಮಗ್ಗುಲಲ್ಲಿ ದಟ್ಟ ನೆರಳು ಮಾಡುತ್ತದೆ. ಅದೇ ವಿಮಾನವನ್ನು ಅಂಗೈ ಅಗಲಕ್ಕೆ ಇಳಿಸಿ ಟ್ಯೂಬ್‌ಲೈಟಿನ ಕೆಳಗಿಟ್ಟರೆ ಆ ನೆರಳುಗಳು ಹುಟ್ಟುವುದೇ ಇಲ್ಲ. ಅಚ್ಚುಕಟ್ಟಾಗಿ ಸರಿಯಾದ ಬಣ್ಣ ಬಳಿದ ಕಾಕ್‌ಪಿಟ್ ಕೂಡ ಆಟಿಕೆಯಂತೆ ಕಾಣುವುದು ಇದರಿಂದಲೇ. ಹಾಗಾಗಿ ನೆರಳನ್ನೂ ಬೆಳಕನ್ನೂ ಬಣ್ಣಗಾರನೇ ಬಳಿದುಕೊಡಬೇಕು.

ಇದಕ್ಕೆ ಬಳಕೆಯಲ್ಲಿರುವ ಕ್ರಮ ಹೀಗೆ. ಇಡೀ ಕೋಣೆಗೆ ಮೊದಲು ಕಪ್ಪು ಸಿಂಪಡಿಸಿ, ಮೂಲ ಬಣ್ಣವನ್ನು ಮೇಲಿನಿಂದ ಮಾತ್ರ ಸಿಂಪಡಿಸಿದರೆ ಮೂಲೆಗಳಲ್ಲಿ ಕಪ್ಪು ಉಳಿದುಕೊಳ್ಳುತ್ತದೆ. ಮೂಲ ಬಣ್ಣಕ್ಕೆ ಸ್ವಲ್ಪ ಬಿಳಿ ಸೇರಿಸಿ ಫಲಕಗಳ ನಡುಭಾಗಕ್ಕೆ ಇನ್ನೊಂದು ತೆಳು ಪದರ. ಅದರ ಮೇಲೆ ಹೊಳಪು ವಾರ್ನಿಷ್ ಹೊಡೆದು ಒಣಗಿಸಿ, ಕಡುಕಂದು ಅಥವಾ ಕಪ್ಪು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿ ಕರಗಿಸಿ ಸಂದುಗಳಿಗೆ ಮುಟ್ಟಿಸಿದರೆ ಅದು ತಾನಾಗಿಯೇ ಗೆರೆಗಳುದ್ದಕ್ಕೂ ಹರಿಯುತ್ತದೆ. ಇದೇ ವಾಶ್. ಹೊಳಪಿನ ಪದರವಿಲ್ಲದಿದ್ದರೆ ವಾಶ್ ಹರಿಯುವ ಬದಲು ಹರಡಿ ಕಲೆಯಾಗುತ್ತದೆ. ಕೆಳಗಿನ ಬಣ್ಣ ಎನಾಮೆಲ್ ಆಗಿದ್ದರೆ ಟರ್ಪೆಂಟೈನ್ ಅದನ್ನೂ ಕರಗಿಸುವ ಅಪಾಯವಿದೆ, ಆದ್ದರಿಂದ ಕೆಳಗೆ ಅಕ್ರಿಲಿಕ್ ಅಥವಾ ಲ್ಯಾಕರ್ ಇರಬೇಕು. ಕೊನೆಗೆ ಡ್ರೈ ಬ್ರಷ್, ಅಲ್ಲಲ್ಲಿ ಸವೆತ ತೋರಲು ಬೆಳ್ಳಿ ಪೆನ್ಸಿಲ್, ಹೊಳಪಿಲ್ಲದ ವಾರ್ನಿಷ್.

ಎಷ್ಟರಮಟ್ಟಿಗೆ ಉತ್ಪ್ರೇಕ್ಷೆ ಮಾಡಬಹುದು ಎಂಬುದರಲ್ಲಿ ಎರಡು ಪಂಗಡಗಳಿವೆ. ಸ್ಪ್ಯಾನಿಷ್ ಶೈಲಿ ಎಂದು ಕರೆಯಲಾಗುವ ಪಂಥದವರು ಬೆಳಕು-ನೆರಳಿನ ಅಂತರವನ್ನು ಚಿತ್ರಕಲೆಯಂತೆ ಹಿಗ್ಗಿಸುತ್ತಾರೆ. ಕಾರ್ಖಾನೆಯಿಂದ ಬಂದ ವಿಮಾನ ಹಾಗಿರುವುದಿಲ್ಲ ಎಂಬುದು ಎದುರಾಳಿಗಳ ಆಕ್ಷೇಪ. ರೆಕ್ಕೆ, ಒಡಲಿನ ಮಟ್ಟಿಗೆ ಈ ಆಕ್ಷೇಪದಲ್ಲಿ ಹುರುಳಿದೆ. ಕಾಕ್‌ಪಿಟ್‌ಗೆ ಬಂದರೆ ಸ್ಪ್ಯಾನಿಷರೇ ಸರಿ. ಮುಚ್ಚಳ ಕೂತ ಮೇಲೆ ಆ ಉತ್ಪ್ರೇಕ್ಷೆಯ ಅರ್ಧದಷ್ಟನ್ನು ಅದೇ ನುಂಗಿಹಾಕುತ್ತದೆ.

ಬೆಲ್ಟು, ಸೀಟು

ಕ್ಯಾನೊಪಿಯಿಂದ ನೇರವಾಗಿ ಕಾಣುವುದು ಸೀಟು, ಸೀಟಿನ ಮೇಲೆ ಕಾಣುವುದು ಬೆಲ್ಟು. ಫೋಟೋ ಎಚ್ ಬೆಲ್ಟುಗಳ ದೋಷ ಅವುಗಳ ಸೆಡವು: ಹಿತ್ತಾಳೆ ಬಟ್ಟೆಯಂತೆ ಬಾಗುವುದಿಲ್ಲ. ಚಿಮಟದಲ್ಲಿ ಹಿಡಿದು ದೀಪದ ಜ್ವಾಲೆಗೆ ಕ್ಷಣಕಾಲ ಒಡ್ಡಿ, ಮಂಕಾಗಿ ಕೆಂಪೇರಿದೊಡನೆ ತೆಗೆದರೆ ಲೋಹ ಮೃದುವಾಗುತ್ತದೆ. ಆಮೇಲೆ ಸೀಟಿನ ಅಂಚಿಗೆ ಜೋತುಬೀಳುವಂತೆ ಬಗ್ಗಿಸಬಹುದು. ಬಣ್ಣ ಮುದ್ರಿಸಿ ಬಂದ ಬೆಲ್ಟುಗಳಿಗೆ ಇದು ಸಲ್ಲದು, ಬಣ್ಣ ಸುಟ್ಟುಹೋಗುತ್ತದೆ. ತೆಳು ಸೀಸದ ಹಾಳೆ, ಮಾಸ್ಕಿಂಗ್ ಟೇಪಿನ ಪಟ್ಟಿ, ಕಾಗದಗಳೂ ಬಳಕೆಯಲ್ಲಿವೆ. ಬೆಲ್ಟು ಎರಡೂ ಬದಿ ಒಂದೇ ರೀತಿ ಇಸ್ತ್ರಿ ಮಾಡಿದಂತೆ ಕೂತಿದ್ದರೆ ಜೀವ ಬರುವುದಿಲ್ಲ. ಒಂದು ಪಟ್ಟಿ ಸೀಟಿನೊಳಗೆ ಮುದುಡಿ, ಇನ್ನೊಂದು ಹೊರಕ್ಕೆ ಜಾರಿರಲಿ.

ಜೆಟ್ ವಿಮಾನಗಳ ಎಜೆಕ್ಷನ್ ಸೀಟು ತಾನೇ ಒಂದು ಪುಟ್ಟ ಮಾದರಿ. ಮಾರ್ಟಿನ್-ಬೇಕರ್ ಕಂಪನಿಯ ಸೀಟುಗಳ ಹಳದಿ-ಕಪ್ಪು ಪಟ್ಟೆಯ ಹಿಡಿಕೆಗೆ ಮೊದಲು ಬಿಳಿ, ಮೇಲೆ ಹಳದಿ, ಕೊನೆಗೆ ತೆಳು ತುದಿಯ ಪೆನ್ನಿನಲ್ಲಿ ಕಪ್ಪು ಪಟ್ಟೆ. ಕಪ್ಪಿನ ಮೇಲೆ ಹಳದಿ ಬಳಿಯಲು ಹೋದರೆ ಹಸಿರು ಛಾಯೆ ಬರುತ್ತದೆ.

ಜೋಡಣೆಯ ತೊಡಕುಗಳು

ರೆಸಿನ್ ಕಾಕ್‌ಪಿಟ್ ಕೊಂಡವರು ಎದುರಿಸುವ ಮೊದಲ ಸಂಕಟ ಜಾಗದ್ದು. ನಿಜವಾದ ವಿಮಾನದ ಹೊರಮೈ ತಗಡು ಒಂದೆರಡು ಮಿಲಿಮೀಟರ್ ದಪ್ಪ. ಕಿಟ್‌ನ ಪ್ಲಾಸ್ಟಿಕ್ ಗೋಡೆ ಒಂದು ಮಿ.ಮೀ. ದಪ್ಪವಿದ್ದರೂ 1:48ರಲ್ಲಿ ಅದು ಸುಮಾರು 5 ಸೆಂ.ಮೀ. ದಪ್ಪದ ಗೋಡೆಯಾಯಿತು. ಅದರೊಳಗೆ ಸರಿಯಾದ ಅಗಲದ ಕಾಕ್‌ಪಿಟ್ ಹಿಡಿಸಬೇಕಾದರೆ ಗೋಡೆಯನ್ನು ಒಳಗಿನಿಂದ ಕೆರೆದು ಕಾಗದದಷ್ಟು ತೆಳು ಮಾಡಲೇಬೇಕು. ಬೆಳಕಿಗೆ ಹಿಡಿದಾಗ ಪ್ಲಾಸ್ಟಿಕ್ ಮೂಲಕ ಬೆರಳಿನ ನೆರಳು ಕಂಡರೆ ಸರಿಯಾದ ಹದ. ಅಂಟು ಮುಟ್ಟಿಸುವ ಮೊದಲು ಎಲ್ಲವನ್ನೂ ಟೇಪಿನಲ್ಲಿ ಕಟ್ಟಿ ಹತ್ತಾರು ಸಲ ಜೋಡಿಸಿ ನೋಡುವುದು ಉಂಟು. ರೆಸಿನ್ ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರಿನಲ್ಲಿ ನೆನೆಸಿ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಬೇಕು.

ಪಾಲಿಸ್ಟೈರೀನ್‌ಗೆ ಅದನ್ನೇ ಕರಗಿಸಿ ಬೆಸೆಯುವ ತೆಳು ದ್ರಾವಕ, ರೆಸಿನ್ ಮತ್ತು ಹಿತ್ತಾಳೆಗೆ ಸೂಪರ್ ಗ್ಲೂ. ಆದರೆ ಕ್ಯಾನೊಪಿಯ ಹತ್ತಿರ ಸೂಪರ್ ಗ್ಲೂ ಸುಳಿಯಬಾರದು. ಒಣಗುವಾಗ ಏಳುವ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಮೈಗೆ ಕೂತು ಬಿಳಿ ಮಂಜು ಕಟ್ಟಿಸುತ್ತದೆ, ಅಂಟಿಸಿ ಮುಚ್ಚಿದ ಮೇಲೆ ಅದನ್ನು ಒರೆಸಲು ದಾರಿಯಿಲ್ಲ. ಮರಗೆಲಸಕ್ಕೆ ಬಳಸುವ ಬಿಳಿ ಅಂಟು ಇಲ್ಲಿಗೆ ಸಾಕು, ಒಣಗಿದರೆ ಪಾರದರ್ಶಕವಾಗುತ್ತದೆ, ತಪ್ಪಿದರೆ ನೀರಿನಲ್ಲಿ ತೊಳೆಯಬಹುದು. ಅಂಟಿಸುವ ಮೊದಲು ಕ್ಯಾನೊಪಿಯನ್ನು ಅಕ್ರಿಲಿಕ್ ನೆಲಪಾಲಿಶಿನಲ್ಲಿ ಅದ್ದಿ ಒಣಗಿಸಿದರೆ ಗೀರುಗಳು ಮುಚ್ಚಿ ತಿಳಿಯಾಗುತ್ತದೆ. ಕ್ಯಾನೊಪಿಯ ಚೌಕಟ್ಟಿಗೆ ಮೊದಲು ಒಳಬಣ್ಣ, ಅದರ ಮೇಲೆ ಹೊರಬಣ್ಣ ಸಿಂಪಡಿಸುವುದು ಒಂದು ಜಾಣ ಉಪಾಯ. ಒಳಗಿನಿಂದ ನೋಡಿದರೆ ಒಳಬಣ್ಣವೇ ಕಾಣುತ್ತದೆ.

ಕರಾವಳಿ ಮತ್ತು ಮಲೆನಾಡಿನ ಹವ್ಯಾಸಿಗಳಿಗೆ ಮಳೆಗಾಲದ ತಾಪತ್ರಯ ಬೇರೆಯೇ ಇದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸಿಂಪಡಿಸಿದ ಲ್ಯಾಕರ್ ಮತ್ತು ಹೊಳಪಿಲ್ಲದ ವಾರ್ನಿಷ್ ಬೆಳ್ಳಗೆ ಬೂಷ್ಟು ಹಿಡಿದಂತಾಗುತ್ತವೆ. ಕಡುಬೂದಿಯ ಜರ್ಮನ್ ಕಾಕ್‌ಪಿಟ್‌ನಲ್ಲಂತೂ ಇದು ಮುಚ್ಚಿಡಲಾಗದ ಕಲೆ. ನಿಧಾನವಾಗಿ ಒಣಗುವ ಥಿನ್ನರ್, ಕಂಪ್ರೆಸರ್‌ಗೆ ತೇವ ಹಿಡಿಯುವ ಫಿಲ್ಟರ್, ಮಳೆ ಬಿಟ್ಟ ಮಧ್ಯಾಹ್ನಕ್ಕಾಗಿ ಕಾಯುವ ತಾಳ್ಮೆ, ಇವೇ ಮದ್ದು.

ಆಧಾರಗಳು ಮತ್ತು ಪ್ರದರ್ಶನ

ಬೆಂಗಳೂರಿನಲ್ಲಿ ಎಚ್‌ಎಎಲ್‌ನ ವಸ್ತುಸಂಗ್ರಹಾಲಯವಿದೆ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯವಿದೆ. ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ವಿನ್ಯಾಸದ, 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24 ಮರುತ್ ವಿಮಾನವನ್ನು ಅಲ್ಲಿ ಹತ್ತಿರದಿಂದ ನೋಡಬಹುದು. 1996ರಿಂದ ಯಲಹಂಕದಲ್ಲಿ ನಡೆಯುತ್ತಿರುವ ಏರೋ ಇಂಡಿಯಾವೂ ಫೋಟೋ ತೆಗೆಯುವವರಿಗೆ ಸುಗ್ಗಿ. ಆದರೆ ಪ್ರದರ್ಶನಕ್ಕಿಟ್ಟ ಹಳೆಯ ವಿಮಾನವನ್ನು ಪ್ರಮಾಣವೆಂದು ನಂಬಬಾರದು. ಉಪಕರಣಗಳನ್ನು ಕಿತ್ತಿರುತ್ತಾರೆ, ಒಳಗೆ ಕೈಗೆ ಸಿಕ್ಕ ಬಣ್ಣ ಬಳಿದಿರುತ್ತಾರೆ. ಆಯಾ ಕಾಲದ ಫೋಟೋ ಮತ್ತು ಪೈಲಟ್ ಕೈಪಿಡಿಗಳ ರೇಖಾಚಿತ್ರಗಳು ಹೆಚ್ಚು ಭರವಸೆಯವು.

1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿ ಹಲವು ದೇಶಗಳಿಗೆ ಹಬ್ಬಿದ, ಪ್ಲಾಸ್ಟಿಕ್ ಮಾದರಿಕಾರರ ಐಪಿಎಂಎಸ್ ಸಂಘದ ಸ್ಪರ್ಧೆಗಳಲ್ಲಿ ತೀರ್ಪುಗಾರರು ಪುಟ್ಟ ಟಾರ್ಚ್ ಹಿಡಿದು ಕಾಕ್‌ಪಿಟ್‌ನೊಳಗೆ ಬೆಳಕು ಬಿಟ್ಟು ನೋಡುತ್ತಾರೆ. ಅವರು ಮೊದಲು ಹುಡುಕುವುದು ಬಿಡಿಭಾಗಗಳ ಸಂಖ್ಯೆಯನ್ನಲ್ಲ. ಸೀಟು ನೆಟ್ಟಗೆ ಕೂತಿದೆಯೇ, ಅಂಟಿನ ಕಲೆ ಇದೆಯೇ, ಕ್ಯಾನೊಪಿಯ ಒಳಗೆ ಬೆರಳಚ್ಚು ಉಳಿದಿದೆಯೇ ಎಂಬುದನ್ನು. ಮುಚ್ಚಳ ತೆರೆದಿಟ್ಟರೆ ಒಳಗಿನ ಕೆಲಸ ಪೂರ್ತಿ ಕಾಣುತ್ತದೆ, ಜೊತೆಗೆ ಧೂಳೂ ಇಳಿಯುತ್ತದೆ. ಮೇಕಪ್ಪಿನ ಮೃದು ಕುಂಚದಿಂದ ಆಗಾಗ ಅದನ್ನು ಗುಡಿಸಬಹುದಾದರೂ ಫೋಟೋ ಎಚ್ ಸನ್ನೆಗೋಲುಗಳು ಆ ಕುಂಚಕ್ಕೇ ಸಿಕ್ಕಿ ಕಿತ್ತುಬರುವುದುಂಟು. ಅಕ್ರಿಲಿಕ್ ಪೆಟ್ಟಿಗೆಯೊಳಗಿಟ್ಟರೆ ಆ ತೊಂದರೆ ಇಲ್ಲ.